ಮನೆ ವೈರಿಂಗ್‌ಗೆ ತಾಮ್ರನೇ ಯಾಕೆ ಅಂದ್ರೆ

ಕಂಬದ ಮೇಲೆ ಅಲ್ಯೂಮಿನಿಯಂ ತಂತಿ ನಡೆಯುತ್ತೆ, ಮನೆಯೊಳಗೆ ಮಾತ್ರ ತಾಮ್ರನೇ ಯಾಕೆ ಅಂತ ಕೇಳಿದೀರಲ್ಲ, ಕಂಡಕ್ಟಿವಿಟಿ, ಅಂದ್ರೆ ಕರೆಂಟ್ ಹರಿಸೋ ಗುಣ, ಒಂದೇ ಕಾರಣ ಅಲ್ಲ ಸರ್. ಅದ್ರಲ್ಲಿ ಬೆಳ್ಳಿ ಮೊದಲು, ತಾಮ್ರ ಸ್ವಲ್ಪ ಹಿಂದೆ ಅಷ್ಟೇ, ಅಲ್ಯೂಮಿನಿಯಂ ತಾಮ್ರದ 61% ಹತ್ರ. ಆದ್ರೆ ಅದು ತುಂಬಾ ಹಗುರ, ಅಷ್ಟೇ ಕರೆಂಟ್ ಹರಿಸೋಕೆ ತಂತಿ ದಪ್ಪ ಮಾಡಿದ್ರೂ ತೂಕ ತಾಮ್ರದ ಅರ್ಧನೇ ಬರೋದು, ಕಂಬದಿಂದ ಕಂಬಕ್ಕೆ ಎಳೆಯೋಕೆ ಅದೇ ಸರಿ.

ಮನೆಯೊಳಗೆ ತೊಂದ್ರೆ ಇರೋದು ಜಾಯಿಂಟ್‌ನಲ್ಲಿ. ಅಲ್ಯೂಮಿನಿಯಂ ಗಾಳಿಗೆ ಸೋಕಿದ ತಕ್ಷಣ ಆಕ್ಸೈಡ್ ಪದರ ಕಟ್ಕೊಳುತ್ತೆ, ಅದ್ರಲ್ಲಿ ಕರೆಂಟ್ ಹರಿಯಲ್ಲ, ಜೊತೆಗೆ ಸ್ಕ್ರೂ ಒತ್ತಡಕ್ಕೆ ನಿಧಾನಕ್ಕೆ ಚಪ್ಪಟೆ ಆಗ್ತಾ ಹೋಗುತ್ತೆ, ಲೋಡ್ ಬಂದಾಗ ಹಿಗ್ಗಿ ಆಮೇಲೆ ಕುಗ್ಗಿ ಟರ್ಮಿನಲ್ (ತಂತಿ ಬಿಗಿಯೋ ಜಾಗ) ಸಡಿಲ ಆಗುತ್ತೆ, ಸಡಿಲ ಆದ ಕಡೆ ಇನ್ನೂ ಬಿಸಿ, ಕೊನೆಗೆ ಬೆಂಕಿ ಹತ್ತೋವರೆಗೂ ಹೋಗಬಹುದು. ತಾಮ್ರಕ್ಕೂ ಆಕ್ಸೈಡ್ ಬರುತ್ತೆ, ಇಷ್ಟು ಕಾಟ ಕೊಡಲ್ಲ. ತಾಮ್ರ, ಅಲ್ಯೂಮಿನಿಯಂ ಎರಡನ್ನೂ ನೇರವಾಗಿ ಸುತ್ತಿ ಟೇಪ್ ಹಾಕೋದಂತೂ ಬೇಡವೇ ಬೇಡ, ತೇವ ತಾಗಿದ್ರೆ ಅಲ್ಯೂಮಿನಿಯಂ ಸವೆದು ಹೋಗುತ್ತೆ, ಅದಕ್ಕಂತಲೇ ಎರಡು ಲೋಹ ಜೋಡಿಸೋ ಬೈಮೆಟಲ್ ಕನೆಕ್ಟರ್ ಬರುತ್ತೆ.

ಬೆಳ್ಳಿ ಯಾರೂ ಹಾಕಿಲ್ವಾ ಅಂದ್ರೆ ಹಾಕಿದಾರೆ! ಎರಡನೇ ಮಹಾಯುದ್ಧದಲ್ಲಿ ತಾಮ್ರಕ್ಕೆ ಬರ ಬಂದಾಗ ಅಮೆರಿಕದವ್ರು ಅಣುಬಾಂಬ್ ಯೋಜನೆಯ ಮ್ಯಾಗ್ನೆಟ್‌ಗಳಿಗೆ ಸರ್ಕಾರಿ ಖಜಾನೆಯಿಂದ ಸಾವಿರಾರು ಟನ್ ಬೆಳ್ಳಿ ಸಾಲ ತಗೊಂಡು ಸುತ್ತಿದ್ರು, ಆಮೇಲೆ ವಾಪಸ್ಸೂ ಕೊಟ್ರು.