ಅಲಾರಂ ಕೂಗಿದರೆ ಬ್ಯಾಟರಿ ಕಿತ್ತಿಡಬೇಡಿ

ಪ್ರಶ್ನೆ: ಮಡಿಕೇರಿ ಹತ್ತಿರ ತೋಟದೊಳಗೆ ನಮ್ಮದೊಂದು ಸಣ್ಣ ಹೋಂಸ್ಟೇ. ಕೋಣೆಗೊಂದರಂತೆ ಸ್ಮೋಕ್ ಅಲಾರಂ ಹಾಕಿಸಿದ್ದೇವೆ. ಮಳೆ ಹಿಡಿದ ಮೇಲೆ ಒಂದು ಅಲಾರಂ ಬೆಳಗಿನ ಜಾವ ಕೀಕ್ ಕೀಕ್ ಅನ್ನುತ್ತದೆ. ಇನ್ನೊಂದು ಹೊಗೆಯೇ ಇಲ್ಲದೆ ಬಾಯಿ ಬಡಿದುಕೊಳ್ಳುತ್ತದೆ. ಗೆಸ್ಟುಗಳು ಬೈಯುತ್ತಾರೆಂದು ನಮ್ಮ ಯಜಮಾನರು ಎರಡರ ಬ್ಯಾಟರಿಯನ್ನೂ ಕಿತ್ತಿಟ್ಟಿದ್ದಾರೆ. ಹೊಸದು ತರಬೇಕೇ?
– ಒಬ್ಬ ಓದುಗರು, ಮಡಿಕೇರಿ ತಾಲ್ಲೂಕು

ಉತ್ತರ: ಅಕ್ಕಾ, ಇವತ್ತು ರಾತ್ರಿ ಯಾರಾದರೂ ಆ ಕೋಣೆಗಳಲ್ಲಿ ಮಲಗುವ ಮೊದಲು ಬ್ಯಾಟರಿ ವಾಪಸ್ ಹಾಕಿಸಿ. ವೈರಿಂಗ್ ಕೆಲಸಕ್ಕೆ ಹೋದ ಕಡೆಯೆಲ್ಲ ನೋಡುತ್ತಿದ್ದೇನೆ, ಅಲಾರಂ ಸೀಲಿಂಗಿನಲ್ಲಿ, ಅದರ ಬ್ಯಾಟರಿ ಮೇಜಿನ ಡ್ರಾದಲ್ಲಿ!

ನಿಮ್ಮವು ಎರಡೂ ಬೇರೆ ಬೇರೆ ಕಾಯಿಲೆ. ಬಿಟ್ಟು ಬಿಟ್ಟು ಒಂದೊಂದೇ ಕೀಕ್ ಬಂದರೆ ಬ್ಯಾಟರಿ ಸೋತಿದೆ ಎಂದರ್ಥ. ಬೆಳಗಿನ ಜಾವದ ಚಳಿಗೆ ಬ್ಯಾಟರಿಯ ವೋಲ್ಟೇಜ್ ಇನ್ನಷ್ಟು ಇಳಿಯುತ್ತದೆ, ಅದಕ್ಕೇ ಆ ಹೊತ್ತಿಗೇ ಶುರು. ಹಗಲು ಸುಮ್ಮನಾಯಿತೆಂದು ಬಿಡಬೇಡಿ. ಅಲಾರಂ ಮೇಲೆ ಬರೆದ ಅಳತೆಯದೇ, ಹೆಚ್ಚಾಗಿ 9 ವೋಲ್ಟಿನದು, ಹೊಸದು ಹಾಕಿ.

ಸುಮ್ಮಸುಮ್ಮನೆ ಕೂಗುವುದು ಬಚ್ಚಲಿನ ಬಾಗಿಲ ಹತ್ತಿರ ಇದೆಯೇ ನೋಡಿ. ಈಗಿನ ಹೆಚ್ಚಿನ ಅಲಾರಂಗಳೊಳಗೆ ಒಂದು ಬೆಳಕಿನ ಕಿರಣ ಇರುತ್ತದೆ. ಹೊಗೆ ನುಗ್ಗಿ ಅದನ್ನು ಚದುರಿಸಿದರೆ ಕೂಗು. ಬಿಸಿನೀರಿನ ಹಬೆ, ಕಿಟಕಿಯಿಂದ ಒಳಗೆ ಬರುವ ಮಂಜು, ಗೂಡು ಕಟ್ಟಲು ಹೊಕ್ಕ ಜೇಡ, ಇವೂ ಅದನ್ನೇ ಮಾಡುತ್ತವೆ. ಬಚ್ಚಲಿನಿಂದ ದೂರಕ್ಕೆ ಸರಿಸಿ, ಸುತ್ತಲಿನ ಸೀಳುಗಳ ಧೂಳನ್ನು ವ್ಯಾಕ್ಯೂಮಿನಿಂದ ಎಳೆಸಿ. ಒದ್ದೆ ಬಟ್ಟೆ ತುರುಕಬೇಡಿ, ಸುಣ್ಣ ಬಣ್ಣ ಹೊಡೆಯುವವರಿಗೆ ಅದರ ಮೇಲೂ ಬ್ರಶ್ ಆಡಿಸಲು ಬಿಡಬೇಡಿ. ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತಿ. ಹಿಂಬದಿಯಲ್ಲಿ ತಯಾರಾದ ದಿನಾಂಕ ಇರುತ್ತದೆ; 10 ವರ್ಷ ಆಗಿದ್ದರೆ ಎಷ್ಟು ಜೋರಾಗಿ ಕೂಗಿದರೂ ಬದಲಿಸಿ. ಬಟನ್ ಒತ್ತಿದಾಗ ಕೂಗುತ್ತದೆ ಅಂದಮಾತ್ರಕ್ಕೆ ಹಳೆಯ ಅಲಾರಂ ಹೊಗೆಯನ್ನು ಮೊದಲಿನ ಹಾಗೇ ಗುರುತಿಸುತ್ತದೆ ಅಂತ ನಂಬುವ ಹಾಗಿಲ್ಲ.

ಪ್ರಶ್ನೆ: ಆಷಾಢದಲ್ಲಿ ಬಟ್ಟೆ ಒಣಗುವುದಿಲ್ಲವೆಂದು ಹಂಡೆ ಒಲೆಯ ಮೇಲೇ ಹಗ್ಗ ಕಟ್ಟಿದ್ದೇವೆ. ಅಲ್ಲೊಂದು ಅಲಾರಂ ಹಾಕಿದರೆ ಸಾಕೇ?
– ಸೋಮವಾರಪೇಟೆಯಿಂದ

ಉತ್ತರ: ಸೌದೆ ಒಲೆಯ ಕೋಣೆಯಲ್ಲಿ ಹಾಕಿದರೆ ದಿನವಿಡೀ ಕೂಗಿ ಅದೂ ಡ್ರಾ ಸೇರುತ್ತದೆ. ಅಲ್ಲಿಗೆ ಹೊಗೆಗಲ್ಲದೆ ಬಿಸಿಗೆ ಕೂಗುವ ಹೀಟ್ ಅಲಾರಂ ಸರಿ. ಸ್ಮೋಕ್ ಅಲಾರಂ ನೀವು ಮಲಗುವ ಕೋಣೆಯಲ್ಲೂ ಅದರ ಹೊರಗಿನ ಪಡಸಾಲೆಯಲ್ಲೂ ಇರಲಿ. ಹಗ್ಗವನ್ನು ಮಾತ್ರ ಒಲೆಯ ನೆತ್ತಿಯಿಂದ ತೆಗೆದು ಪಕ್ಕದ ಗೋಡೆಗೆ ಕಟ್ಟಿ. ಒಣಗಿದ ಲುಂಗಿ ಹಗುರಾಗಿ ಜಾರಿ ಬೆಂಕಿಗೆ ಬೀಳಲು ಗಾಳಿಯೇ ಬೇಕಿಲ್ಲ.

ಇನ್ನೊಂದನ್ನು ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ಚಳಿಗೆಂದು ಕೆಂಡದ ಬಾಣಲೆಯನ್ನು ಮಲಗುವ ಕೋಣೆಯೊಳಗಿಟ್ಟು ಕದ ಹಾಕುವ ಮನೆಗಳಿವೆ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಸ್ಮೋಕ್ ಅಲಾರಂಗೆ ಅದು ತಿಳಿಯುವುದೇ ಇಲ್ಲ, ಅದಕ್ಕೆ ಬೇರೆಯೇ ಅಲಾರಂ ಬರುತ್ತದೆ. ಅಲಾರಂ ಇದ್ದರೂ ಕೆಂಡ ಮಾತ್ರ ಹೊರಗೇ ಇರಲಿ.

ಬೆಂಕಿ ಬಿದ್ದರೆ ಎಲ್ಲರೂ ಹೊರಗೆ ಬಂದ ಮೇಲೆ 101 ಅಥವಾ 112ಕ್ಕೆ ಕರೆ ಮಾಡಿ. ತೋಟದ ದಾರಿ ಹೊರಗಿನವರಿಗೆ ಸಿಗುವುದು ಕಷ್ಟ. ಗೇಟಿನ ಬೀಗ ತೆಗೆದು, ಟಾರ್ಚ್ ಕೊಟ್ಟು ಒಬ್ಬರನ್ನು ಡಾಂಬರು ರಸ್ತೆಯ ತಿರುವಿಗೆ ಕಳಿಸಿ.