2047ರ ವಿದ್ಯುತ್ ಯೋಜನೆಗೆ ಕಡಿಮೆ, ಮಧ್ಯಮ, ಹೆಚ್ಚು ಅಂತ ಮೂರು ಸಿನಾರಿಯೊ (ಮುಂದೆ ಹೀಗಾಗಬಹುದು ಅನ್ನುವ ಲೆಕ್ಕ) ಮಾಡಿದ್ದೇನೆ. ಮಧ್ಯಮ ಇಟ್ಟರೆ ಯಾರೂ ಪ್ರಶ್ನೆ ಕೇಳಲ್ಲ ಅಂತಾರೆ ನನ್ನ ಗೈಡ್. ಯಾವುದನ್ನು ಹಿಡಿದು ಶಿಫಾರಸು ಬರೆಯಲಿ? ಯಾವ ಸಾಫ್ಟ್‌ವೇರ್ ಕಲಿಯಲಿ?

ಮೂರರಲ್ಲಿ ಯಾವುದನ್ನೂ ಹಿಡಿಯಬೇಡಿ. ಮಧ್ಯದ್ದಂತೂ ಬೇಡವೇ ಬೇಡ. ಮಧ್ಯಮ ಇಟ್ಟರೆ ಯಾರೂ ಪ್ರಶ್ನೆ ಕೇಳಲ್ಲ ಅಂತ ನಿಮ್ಮ ಗೈಡ್ ಹೇಳಿದ್ದಾರೆ ಅಂತ ಬರೆದಿದ್ದೀರಿ. ನಾನು ಮೊದಲು ಸೇರಿದ ಸಲಹಾ ಕಂಪನಿಯಲ್ಲೂ ಇದನ್ನೇ ಹೇಳಿಕೊಟ್ಟಿದ್ದರು.

ಆಗ ದೇಶದ ದೊಡ್ಡ ಮಾದರಿಯೊಳಗೆ ಸೇರಿಸಲು ಕರ್ನಾಟಕದ ಭಾಗವನ್ನು ನಾವು ಮಾಡುತ್ತಿದ್ದೆವು. ಎಕ್ಸೆಲ್‌ನಲ್ಲಿ ಪ್ರತಿ ಸಾಲಿಗೂ ಕಡಿಮೆ, ಮಧ್ಯಮ, ಹೆಚ್ಚು ಅಂತ ಮೂರು ಕಾಲಂ. ಮಳೆಗೊಂದು ಸಾಲು, ಪಂಪ್‌ಸೆಟ್ ಬಳಕೆಗೊಂದು, ಹೊರಗಿನಿಂದ ಕೊಳ್ಳುವ ಕರೆಂಟಿನ ದರಕ್ಕೊಂದು. ಒಂದು ಸಾಲು ಬದಲಿಸುವಾಗ ಉಳಿದೆಲ್ಲವನ್ನೂ ಮಧ್ಯಮದಲ್ಲೇ ಇಟ್ಟು ಲೆಕ್ಕ ಓಡಿಸುತ್ತಿದ್ದೆ. ಮಳೆ ಇಳಿಸಿದರೆ ಶರಾವತಿ, ಕಾಳಿಯ ಉತ್ಪಾದನೆ ಇಳಿಯುತ್ತಿತ್ತು, ಆದರೆ ಹೊರಗಿನಿಂದ ಕೊಂಡು ಸರಿದೂಗುತ್ತಿತ್ತು. ಪಂಪ್‌ಸೆಟ್ ಏರಿಸಿದರೆ ಜಲವಿದ್ಯುತ್ ತುಂಬಿಕೊಡುತ್ತಿತ್ತು. ಯಾವ ಕಾಲಂನಲ್ಲಿ ನೋಡಿದರೂ ಕೊರತೆಯೇ ಇಲ್ಲ.

ತಪ್ಪು ಇದ್ದದ್ದು ಅಲ್ಲೇ. ಇದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಯಾಕೆಂದರೆ ನಿಮ್ಮ ಫೈಲಿನಲ್ಲೂ ಇದು ಇರುವುದು ಬಹುತೇಕ ಖಂಡಿತ. ಮಳೆ ಕೈಕೊಟ್ಟ ವರ್ಷ ಜಲಾಶಯ ತುಂಬುವುದಿಲ್ಲ. ಅದೇ ಕಾರಣಕ್ಕೆ ಮುಂಗಾರಿನಲ್ಲಿ ಸುಮ್ಮನಿರಬೇಕಾದ ಪಂಪ್‌ಸೆಟ್‌ಗಳು ಓಡತೊಡಗುತ್ತವೆ. ಅಂತರ್ಜಲ ಕೆಳಗಿಳಿದಿರುವುದರಿಂದ ಅಷ್ಟೇ ನೀರೆತ್ತಲು ಹೆಚ್ಚು ಯೂನಿಟ್ ಬೇಕು. ಮುಂಗಾರು ನಮಗೊಬ್ಬರಿಗೇ ಕೈಕೊಡುವುದಿಲ್ಲ, ಪಕ್ಕದ ರಾಜ್ಯಗಳಿಗೂ ಕೊಡುತ್ತದೆ. ಅವರೂ ಅದೇ ಸಂಜೆ ಅದೇ ಮಾರುಕಟ್ಟೆಗೆ ಬರುತ್ತಾರೆ, ದರ ಏರುತ್ತದೆ. ನಾನು ಬಿಡಿಬಿಡಿಯಾಗಿ ಆಡಿಸುತ್ತಿದ್ದ ಮೂರು ಸಾಲುಗಳೂ ಒಂದೇ ಮಳೆಗೆ ಕಟ್ಟುಬಿದ್ದಿದ್ದವು. ಅದರ ಮೇಲೆ, 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗಳಿಗೆ ಉಚಿತ ವಿದ್ಯುತ್, ಹೆಚ್ಚಿನವಕ್ಕೆ ಮೀಟರೇ ಇಲ್ಲ. ಎಸ್ಕಾಂಗಳು, ಅಂದರೆ ವಿದ್ಯುತ್ ವಿತರಣಾ ಕಂಪನಿಗಳು, ಕೆಲವು ಫೀಡರ್‌ಗಳ (ಸಬ್‌ಸ್ಟೇಷನ್ನಿನಿಂದ ಕರೆಂಟ್ ಒಯ್ಯುವ ಲೈನ್‌ಗಳು) ರೀಡಿಂಗ್ ನೋಡಿ ಉಳಿದದ್ದನ್ನು ಅಂದಾಜು ಮಾಡುತ್ತವೆ. ನಮ್ಮ ‘ಮಧ್ಯಮ’ ಅನ್ನುವುದೇ ಅಂದಾಜಿನ ಮೇಲೊಂದು ಅಂದಾಜು.

ಪರಿಶೀಲನಾ ಸಭೆಯಲ್ಲಿ ಒಬ್ಬ ನಿವೃತ್ತ ಎಂಜಿನಿಯರ್ ಕೇಳಿದ್ದು ಒಂದೇ ಪ್ರಶ್ನೆ: “ಬರ ಬಂದಾಗ ಪಕ್ಕದವರು ನಿಮಗೆ ಕರೆಂಟ್ ಯಾಕೆ ಕೊಡ್ತಾರಪ್ಪ?” ಯಾರಲ್ಲೂ ಉತ್ತರವಿರಲಿಲ್ಲ. ವರದಿ ವಾಪಸ್ ಬಂತು, ಎರಡನೇ ಹಂತದ ಕೆಲಸ ಬೇರೆಯವರ ಪಾಲಾಯಿತು, ನನ್ನನ್ನು ಆ ತಂಡದಿಂದ ತೆಗೆದರು.

ಆ ಎಂಜಿನಿಯರ್ ಕೇಳಿದ್ದು ಬರೀ ವಾದವಲ್ಲ ಅನ್ನುವುದು 2023ರಲ್ಲಿ ಎಲ್ಲರಿಗೂ ಕಂಡಿತು. ಆ ವರ್ಷದ ಆಗಸ್ಟ್, 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ. ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ, ಇಲ್ಲಿನ ಖಾಸಗಿ ಉತ್ಪಾದಕರು ಇಲ್ಲಿಗೇ ಕರೆಂಟ್ ಕೊಡಬೇಕು ಎಂದಿತು. ಆಮೇಲೆ ವಾಪಸ್ ಕೊಡುವ ಷರತ್ತಿನ ಮೇಲೆ ದೂರದ ಉತ್ತರ ಪ್ರದೇಶ, ಪಂಜಾಬ್‌ಗಳಿಂದ ಕರೆಂಟ್ ತರಿಸಬೇಕಾಯಿತು.

‘ಹೆಚ್ಚು’ ಕಾಲಂ ಹಿಡಿದರೆ ಸುರಕ್ಷಿತ ಅಂದುಕೊಳ್ಳಬೇಡಿ. ಕೇಂದ್ರದ 18ನೇ ವಿದ್ಯುತ್ ಸಮೀಕ್ಷೆ 2021-22ಕ್ಕೆ ದೇಶದ ಪೀಕ್ ಲೋಡ್ (ಒಂದೇ ಹೊತ್ತಿನಲ್ಲಿ ಬರುವ ಅತಿ ಹೆಚ್ಚಿನ ಬೇಡಿಕೆ) ಸುಮಾರು 283 ಗಿಗಾವ್ಯಾಟ್ ಆಗುತ್ತದೆ ಎಂದಿತ್ತು. ಆದದ್ದು ಸುಮಾರು 203. ಬೇಡಿಕೆ ಬಂದೇ ಬರುತ್ತದೆ ಎಂದು ನಂಬಿ ಕಟ್ಟಿದ ಎಷ್ಟೋ ಕಲ್ಲಿದ್ದಲು ಸ್ಥಾವರಗಳು ಕೊಳ್ಳುವವರಿಲ್ಲದೆ ಬ್ಯಾಂಕ್ ಸಾಲದಲ್ಲಿ ಮುಳುಗಿದವು.

ನನ್ನ ಕಣ್ಣು ತೆರೆಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಅಮೂಲ್ಯ ರೆಡ್ಡಿಯವರ ಕೆಲಸ. 1987ರಲ್ಲಿ ರಾಜ್ಯದ ಸಮಿತಿಯೊಂದು 2000ನೇ ಇಸವಿಗೆ ಸುಮಾರು 4,750 ಕೋಟಿ ಯೂನಿಟ್ ಬೇಕು ಎಂದು ಲೆಕ್ಕ ಕೊಟ್ಟಿತ್ತು. ರೆಡ್ಡಿ ಮತ್ತು ಸಂಗಡಿಗರು ಆ ಬೇಡಿಕೆಯನ್ನೇ ಪ್ರಶ್ನಿಸಿದರು. ಜನಕ್ಕೆ ಬೇಕಾದದ್ದು ಬೆಳಕು, ಬಿಸಿನೀರು, ಗದ್ದೆಗೆ ನೀರು ಎಂದು ಅಲ್ಲಿಂದ ಶುರು ಮಾಡಿದರು. ಪಂಪ್‌ಸೆಟ್ಟಿಗೆ ಘರ್ಷಣೆ ಕಡಿಮೆ ಇರುವ ಫುಟ್‌ವಾಲ್ವ್ ಮತ್ತು ಪ್ಲಾಸ್ಟಿಕ್ ಪೈಪು, ಗೀಸರ್ ಬದಲು ಸೋಲಾರ್ ವಾಟರ್ ಹೀಟರ್, ಹಳೆ ಬಲ್ಬಿನ ಬದಲು ಸಿಎಫ್‌ಎಲ್. ಎಲ್ಲ ಮನೆಗೂ ಕರೆಂಟ್ ಕೊಟ್ಟ ಮೇಲೂ ಅವರ ‘ಡಿಫೆಂಡಸ್’ ಸಿನಾರಿಯೊದಲ್ಲಿ ಸುಮಾರು 1,790 ಕೋಟಿ ಯೂನಿಟ್ ಸಾಕಾಯಿತು. ನಿಮ್ಮ ಮೂರು ಕಾಲಂಗಳಲ್ಲಿ ಇಂಥದ್ದೊಂದಕ್ಕೆ ಜಾಗವೇ ಇಲ್ಲ, ಯಾಕೆಂದರೆ ಮೂರೂ ಒಂದೇ ಬೆಳವಣಿಗೆ ದರವನ್ನು ತುಸು ಮೇಲೆ, ತುಸು ಕೆಳಗೆ ಸರಿಸಿ ಎಳೆದ ಗೆರೆಗಳು.

ದೇಶದ ಇಂಧನ ಭವಿಷ್ಯವನ್ನು ಲೆಕ್ಕ ಹಾಕುವ ನೀತಿ ಆಯೋಗದ ಸಾಧನ ಐಇಎಸ್‌ಎಸ್ 2047 ಬಳಸುತ್ತಿದ್ದರೆ, ಪ್ರತಿ ವಲಯಕ್ಕೂ ಅದರಲ್ಲಿರುವ ನಾಲ್ಕು ಲೆವೆಲ್‌ಗಳನ್ನು ಒಂದೇ ಗುಂಡಿ ಒತ್ತಿದಂತೆ ಎಲ್ಲ ವಲಯಕ್ಕೂ ಎರಡು, ಎಲ್ಲಕ್ಕೂ ಮೂರು ಅಂತ ಇಡಬೇಡಿ. ಮೊದಲು ಈಗ ತೆಗೆದುಕೊಳ್ಳಬೇಕಾದ ನಿರ್ಧಾರಗಳನ್ನು ಬರೆದುಕೊಳ್ಳಿ: ಹೊಸ ಕಲ್ಲಿದ್ದಲು ಘಟಕಕ್ಕೆ 25 ವರ್ಷದ ಒಪ್ಪಂದ ಬೇಕೇ, ಪಂಪ್ಡ್ ಸ್ಟೋರೇಜ್ (ಮಿಕ್ಕ ಕರೆಂಟಿನಲ್ಲಿ ನೀರನ್ನು ಮೇಲೆತ್ತಿಟ್ಟು ಬೇಕಾದಾಗ ವಿದ್ಯುತ್ ಮಾಡುವ ವ್ಯವಸ್ಥೆ) ಬೇಕೇ, ಕೃಷಿ ಫೀಡರ್‌ಗಳನ್ನು ಹಗಲಿನ ಸೌರ ವಿದ್ಯುತ್ತಿಗೆ ತಿರುಗಿಸಬೇಕೇ. ಆಮೇಲೆ ಮಳೆ, ಪಂಪ್‌ಸೆಟ್, ದರ ಎಲ್ಲವೂ ಒಂದಕ್ಕೊಂದು ಕಟ್ಟುಬಿದ್ದಿರುವ ಕಥೆಗಳನ್ನು, ಅಂದರೆ ಸಿನಾರಿಯೊಗಳನ್ನು ಕಟ್ಟಿ, ಪ್ರತಿ ನಿರ್ಧಾರವನ್ನೂ ಎಲ್ಲ ಕಥೆಯಲ್ಲೂ ಓಡಿಸಿ. ಯಾವ ಕಥೆಯಲ್ಲಿ ಯಾವ ನಿರ್ಧಾರ ಮುರಿದುಬೀಳುತ್ತದೆ ಅನ್ನುವುದೇ ನಿಮ್ಮ ಶಿಫಾರಸಿನ ತಿರುಳಾಗಲಿ. ಯಾವ ಕಥೆ ನಡೆಯುವ ಸಾಧ್ಯತೆ ಹೆಚ್ಚು ಅಂತ ಗೈಡ್ ಕೇಳಿದರೂ ಶೇಕಡಾವಾರು ಕೊಡಬೇಡಿ.

ಸಾಫ್ಟ್‌ವೇರ್ ವಿಚಾರ: ವಾರ್ಷಿಕ ಲೆಕ್ಕಕ್ಕೆ ಲೀಪ್ (LEAP) ಸಾಕು, ವಿದ್ಯಾರ್ಥಿಗಳಿಗೆ ಉಚಿತ. ಸಂಜೆ ಸೋಲಾರ್ ನಿಂತ ಮೇಲಿನ ಗಂಟೆಗಳನ್ನು ನೋಡಲು ಪೈಪ್ಸಾ (PyPSA) ಕಲಿಯಿರಿ. ಅದರಲ್ಲಿ ಒಂದು ಬರದ ವರ್ಷ ಓಡಿಸಿದ ಮೇಲೆ ಸತತ ಎರಡು ಬರದ ವರ್ಷಗಳನ್ನೂ ಓಡಿಸಿ. 2015ರಲ್ಲೂ 2016ರಲ್ಲೂ ಕರ್ನಾಟಕಕ್ಕೆ ಆದದ್ದು ಅದೇ, ಎರಡನೇ ವರ್ಷ ಶುರುವಾಗುವುದೇ ಬರಿದಾದ ಜಲಾಶಯದಿಂದ.