ಖಾಲಿ ಸೈಟಿನವರೂ ಚರಂಡಿಗೆ ದುಡ್ಡು ಕೊಡಬೇಕೇ?

ಪ್ರಶ್ನೆ: ಶಿರಸಿಯ ನಮ್ಮ ಬಡಾವಣೆಯಲ್ಲಿ 42 ಸೈಟು, ಮನೆ ಎದ್ದದ್ದು 17. ಖಾಲಿ ಸೈಟಿನವರು ಸಂಘಕ್ಕೆ ವಂತಿಗೆ ಕೊಡುತ್ತಿಲ್ಲ. ಮಳೆಗಾಲದಲ್ಲಿ ಚರಂಡಿ ಉಕ್ಕಿ ರಸ್ತೆಗೆ ಬರುತ್ತದೆ. ಏನು ಮಾಡಬೇಕು?

ಉತ್ತರ: ಸಂಘ ನೋಂದಣಿಯಾಗಿರದಿದ್ದರೆ ಮೊದಲು ಅದನ್ನು ಮಾಡಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ 7 ಜನ ಸಾಕು. ಕಸ, ಕಾವಲಿನ ಖರ್ಚು ಮನೆ ಕಟ್ಟಿದವರಿಗೆ, ಚರಂಡಿ, ಬೇಲಿಯದು ಎಲ್ಲರಿಗೂ ಎಂದು ಬೈಲಾದಲ್ಲಿ (ಸಂಘದ ನಿಯಮಾವಳಿಯಲ್ಲಿ) ಬಿಡಿಸಿ ಬರೆಯಿರಿ. ಬೈಲಾ ಕಟ್ಟಿಹಾಕುವುದು ಸದಸ್ಯರನ್ನು ಮಾತ್ರ, ಆದ್ದರಿಂದ ಊರ ಹೊರಗಿರುವ ಮಾಲೀಕರಿಂದಲೂ ಸದಸ್ಯತ್ವದ ಅರ್ಜಿಗೆ ಸಹಿ ಪಡೆಯಲೇಬೇಕು. ರಸ್ತೆ, ಉದ್ಯಾನ ನಗರಸಭೆಗೆ ಹಸ್ತಾಂತರವಾಗಿದೆಯೇ ಎಂದೂ ವಿಚಾರಿಸಿ. ಆಗಿದ್ದರೆ ದುರಸ್ತಿಯನ್ನು ಲಿಖಿತವಾಗಿ ಅಲ್ಲಿ ಕೇಳಬಹುದು.

ಇನ್ನು ಚರಂಡಿ. ಉಕ್ಕುವ ಜಾಗ ಹುಡುಕಲು ಗೇಟುಗಳ ಮುಂದೆ ನೋಡಿ. ಕಾರು ಹತ್ತಿಸಲು ಒಂದೂವರೆ ಅಡಿ ಅಗಲದ ಚರಂಡಿಗೆ 6 ಇಂಚಿನ ಪೈಪಿಟ್ಟು ಮೇಲೆ ಕಾಂಕ್ರೀಟ್ ಸುರಿದಿರುತ್ತಾರೆ. ಹಲಸಿನ ಎಲೆ, ಕೆಂಪು ಮಣ್ಣು ಸೇರಿ ಪೈಪಿನ ಬಾಯಿ ಮೊದಲ ಜಡಿಮಳೆಗೇ ಕಟ್ಟಿಕೊಳ್ಳುತ್ತದೆ, ಒಳಗೆ ಕೈ ಹಾಕಲೂ ಆಗದು. ಪೈಪು ಕಿತ್ತು, ಎತ್ತಲು ಬರುವ ಹಿಡಿಯಿರುವ ಕಾಂಕ್ರೀಟ್ ಹಲಗೆಗಳನ್ನು ಹಾಸಿಸಿ. ಹೂಳೆತ್ತುವ ಕೆಲಸ ಮೇ ತಿಂಗಳೊಳಗೆ ಮುಗಿಯಲಿ. ಎತ್ತಿದ ಮಣ್ಣನ್ನು ಅಂಚಿನಲ್ಲೇ ಬಿಟ್ಟರೆ ಮಳೆ ಅದನ್ನು ಮತ್ತೆ ಒಳಗೇ ತಳ್ಳುತ್ತದೆ.